ವಜೀರನನ್ನು ಯಾರೂ ಹೊಡೆಯದ ಆಟ

ಆಟ ಮುಗಿದ ಮೇಲೆ ಆಡಿದವರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬುದನ್ನು ಕಲಿಯುವಷ್ಟರಲ್ಲಿ ನನ್ನ ನೌಕರಿಯೇ ಮುಗಿಯಿತು. ಈಗ ರಾಣೇಬೆನ್ನೂರಿನ ಮನೆಯಲ್ಲಿ ಆರಾಮಾಗಿದ್ದೇನೆ. ಹೊಸದಾಗಿ ದೈಹಿಕ ಶಿಕ್ಷಕರಾದ ಹುಡುಗ ಹುಡುಗಿಯರು ಆಗಾಗ ಬಂದು, "ಅಕ್ಕೋರ, ಚೆಸ್ ಕಲಸೋದು ನಮ್ಮ ತಲಿಗೆ ಕಟ್ಟ್ಯಾರ, ಏನ್ ಮಾಡೂಣ್ರಿ?" ಎಂದು ಕೇಳುತ್ತಾರೆ. ಅವರಿಗೆ ಚಹಾ ಕೊಟ್ಟು ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಎಷ್ಟು ಸಲ ವರ್ಗವಾಯಿತು ಎಂಬುದು ಇದರಲ್ಲಿಲ್ಲ. ಅದು ಬೇಕಾದವರು ಕಚೇರಿಗೆ ಹೋಗಿ ವಿಚಾರಿಸಲಿ.

ನಾನು ಖೋಖೋ ಆಡಿ ಬೆಳೆದವಳು. ಸೀಟಿ ಊದುವುದು, ಗದರಿಸುವುದು, ಓಡಿಸುವುದು ಇಷ್ಟೇ ನನ್ನ ವಿದ್ಯೆ ಎಂದುಕೊಂಡಿದ್ದೆ. ಗುತ್ತಲದ ಶಾಲೆಯಲ್ಲಿದ್ದಾಗ ಮೈದಾನದಲ್ಲಿ ಬಿದ್ದು ಮೊಣಕಾಲು ಕೆಡಿಸಿಕೊಂಡೆ. ಅಲ್ಲಿಂದ ಹಾವೇರಿಗೆ ಬಂದಾಗ ಹಾವೇರಿ ಇನ್ನೂ ಹೊಸ ಜಿಲ್ಲೆ. ಅಲ್ಲಿಯವರೆಗೆ ಎಲ್ಲದಕ್ಕೂ ಧಾರವಾಡದ ಕಡೆ ಮುಖ ಮಾಡುತ್ತಿದ್ದ ನಮಗೆ ಈಗ ನಮ್ಮದೇ ತಂಡ ಬೇಕಾಗಿತ್ತು, ಅದೂ ಪ್ರತಿಯೊಂದು ಆಟಕ್ಕೂ. ಚೆಸ್ಸನ್ನು ಯಾರಿಗೆ ಹಚ್ಚಬೇಕು ಎಂಬ ಮಾತು ಬಂದಾಗ ನಮ್ಮ ಹೆಡ್ ಮಾಸ್ತರ ಕಲ್ಲಪ್ಪನವರು ನನ್ನ ಮೊಣಕಾಲಿನ ಕಡೆ ನೋಡಿದರು.

"ಅಕ್ಕೋರ, ಕುಂತಲ್ಲೇ ಕುಂತು ಕಟಗಿ ತುಂಡು ಸರಸೋದು. ನಿಮಗ ಹೇಳಿ ಮಾಡಿಸಿದಂಗ ಐತಿ," ಎಂದರು.

ಕಲ್ಲಪ್ಪನವರು ಬ್ಯಾಡಗಿಯವರು. ಬಿಳಿ ಅಂಗಿ, ಕಡಿಮೆ ಮಾತು, ಗಣಿತದ ಮಾಸ್ತರರಾಗಿ ಮೇಲೆ ಬಂದವರು. ಮುರಿದ ಬೆಂಚು ಒಟ್ಟಿದ್ದ ಹಿಂದಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಮಕ್ಕಳು ಆಡುವಾಗ ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡುವರು, ಏನೂ ಹೇಳದೆ ಹೊರಟುಬಿಡುವರು. ಇವರಿಗೆ ಈ ಆಟದ ಗಂಧಗಾಳಿ ಇಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ನನಗೆ ತಾನೆ ಏನು ಗೊತ್ತಿತ್ತು? ತವರುಮನೆಯ ಪಡಸಾಲೆಯಲ್ಲಿ ಅಣ್ಣಂದಿರ ಜೊತೆ ಕಲಿತ ನಾಡ ಆಟ. ಅದರಲ್ಲಿ ಪ್ಯಾದೆ, ಅಂದರೆ ಕಾಲಾಳು, ಯಾವಾಗಲೂ ಒಂದೇ ಮನೆ ನಡೆಯುತ್ತದೆ. ರಾಜನಿಗೆ ಒಂದು ಸಲ ಕುದುರೆಯ ಹಾಗೆ ಜಿಗಿಯುವ ಹಕ್ಕುಂಟು. ಹಲಗೆಯ ಮೇಲೆ ಎಲ್ಲರಿಗಿಂತ ಬಲವುಳ್ಳವನು ಮಂತ್ರಿ, ನಮ್ಮ ಬಾಯಲ್ಲಿ ವಜೀರ. ಎದುರಿನವರ ವಜೀರನ ಮೇಲೆ ಕಣ್ಣು ಹಾಕಿದರೆ "ವಜೀರ ನೋಡ್ಕೋರಿ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳದೆ ಹೊಡೆದರೆ ಮರ್ಯಾದೆ ಇಲ್ಲದವಳು ಎಂದು ಅಣ್ಣ ಕಿವಿ ಹಿಂಡುತ್ತಿದ್ದ. ಹೊರಗಿನ ಚೆಸ್ಸಿನಲ್ಲಿ ಪ್ಯಾದೆ ಮೊದಲ ಸಲ ಎರಡು ಮನೆ ನಡೆಯಬಹುದು, ರಾಜನ ಜಿಗಿತವೂ ವಜೀರನ ಎಚ್ಚರಿಕೆಯೂ ಇಲ್ಲ ಎಂಬುದನ್ನು ಪುಸ್ತಕ ತರಿಸಿಕೊಂಡು ಓದಿ ತಿಳಿದೆ. ನಾನು ನಡೆಸಿದ ಮೊದಲ ತಾಲ್ಲೂಕು ಪಂದ್ಯದಲ್ಲಿ ಬಲಗೈ ಮೂಲೆಗೆ ಬಿಳಿ ಮನೆ ಬರಬೇಕಾದಲ್ಲಿ ಕರಿ ಮನೆ ಬರುವಂತೆ ಎಲ್ಲ ಹಲಗೆಗಳನ್ನೂ ಅಡ್ಡ ತಿರುಗಿಸಿ ಇಟ್ಟಿದ್ದೆ. ಧಾರವಾಡದಿಂದ ಬಂದ ನಿರ್ಣಾಯಕರು ನೋಡಿ, ನಗು ತಡೆಯಲಾರದೆ ಹೊರಗೆ ಹೋಗಿ ನಿಂತರು. ಮಕ್ಕಳಿಗೆ ಗೊತ್ತಾಗಬಾರದೆಂದು ಅವರು ಹೊರಗೆ ಹೋದದ್ದು ದೊಡ್ಡತನ.

ಮಕ್ಕಳು ತಮ್ಮ ಆಟದ ನಡೆಗಳನ್ನು ಹಾಳೆಯಲ್ಲಿ ಬರೆದು ತರುತ್ತಿದ್ದರು. ನಾನು ಕೆಂಪು ಪೆನ್ನು ಹಿಡಿದು ತಪ್ಪು, ತಪ್ಪು, ಇದೂ ತಪ್ಪು ಎಂದು ಗೀಚಿ ವಾಪಸು ಕೊಡುತ್ತಿದ್ದೆ. ಇದೇ ಮಾರ್ಗದರ್ಶನ ಎಂಬ ಭ್ರಮೆ. ಹೊಸರಿತ್ತಿಯ ಕಡೆಯಿಂದ ಬರುತ್ತಿದ್ದ ರೇಣುಕಾ ಎಂಬ ಹುಡುಗಿ ಒಂದು ದಿನ ಹಾಳೆ ಹಿಡಿದುಕೊಂಡು ಅಲ್ಲೇ ನಿಂತಳು.

"ಅಕ್ಕೋರ, ತಪ್ಪು ಅಂತ ಗೊತ್ತಾತ್ರಿ. ಆದ್ರ ನಾ ಯಾಕ ಹಂಗ ನಡಿಸಿದೆ ಅಂತ ನೀವು ಕೇಳಲೇ ಇಲ್ಲ."

"ಯಾಕ ನಡಿಸಿದಿ, ಹೇಳವಾ."

"ಎದುರಿನಾಕಿ ಆನಿ ಮ್ಯಾಲ ಬೆರಳಿಟ್ಟು ನಕ್ಕಳ್ರಿ. ಅಂಜಿದೆ."

ಆ ಆನೆ ಆ ಗಳಿಗೆಯಲ್ಲಿ ಏನೂ ಮಾಡುವ ಹಾಗಿರಲಿಲ್ಲ. ಹುಡುಗಿ ಹೆದರಿದ್ದು ಆನೆಗಲ್ಲ, ನಗುವಿಗೆ. ಕೆಂಪು ಪೆನ್ನಿನಲ್ಲಿ ಇದನ್ನು ಹೇಗೆ ಬರೆಯುವುದು? ಅಂದಿನಿಂದ ನಾನು ಯಾರ ಆಟವನ್ನೇ ನೋಡಲಿ, ಮೊದಲು ಕೇಳುವುದು ಒಂದೇ ಮಾತು: ಎಲ್ಲಿ ಅಂಜಿದಿ? ಈ ಪ್ರಶ್ನೆಗೆ ಮಕ್ಕಳು ಕೊಟ್ಟ ಉತ್ತರಗಳನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಅಷ್ಟು ಸಣ್ಣ ಹಲಗೆಯ ಮೇಲೆ ಒಬ್ಬೊಬ್ಬರ ಇಡೀ ಸ್ವಭಾವ ಬಂದು ಕುಳಿತಿರುತ್ತದೆ.

ಎಲ್ಲ ಸಲಹೆಯೂ ಫಲಿಸುತ್ತಿತ್ತು ಎಂದಲ್ಲ. ಗುತ್ತಲದ ಪೈಲ್ವಾನರ ಮಗನೊಬ್ಬನಿದ್ದ. ಕೈಗೆ ಸಿಕ್ಕಿದ್ದನ್ನೆಲ್ಲ ಹೊಡೆಯುವುದೇ ಅವನ ಆಟ. ವಿಚಾರ ಮಾಡುವ ಮೊದಲೇ ಕೈ ಮುಂದೆ ಹೋಗಿರುತ್ತಿತ್ತು. "ಕೈ ಎರಡೂ ತೊಡಿ ಕೆಳಗ ಇಟಗೊಂಡು ಕುಂದ್ರು," ಎಂದು ಹೇಳಿಕೊಟ್ಟೆ. ಜಿಲ್ಲಾ ಪಂದ್ಯದಲ್ಲಿ ಪುಣ್ಯಾತ್ಮ ಹಾಗೇ ಕುಳಿತ. ಬಹಳ ಹೊತ್ತು ವಿಚಾರ ಮಾಡಿ ಒಳ್ಳೆಯ ನಡೆಯನ್ನೇ ಕಂಡುಹಿಡಿದ. ಅಷ್ಟರಲ್ಲಿ ಕೈಗೆ ಜೋಮು ಹಿಡಿದಿತ್ತು. ಎತ್ತಿದ ಕೈ ಹೋಗಿ ತನ್ನದೇ ರಾಜನನ್ನು ಕೆಡವಿತು. ಎದುರಿನ ಹುಡುಗ ಇವನು ಸೋಲೊಪ್ಪಿಕೊಂಡ ಎಂದು ಎದ್ದು ಕೈ ಕುಲುಕಿಬಿಟ್ಟ! ಅದನ್ನು ಬಿಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಬ್ಯಾಡಗಿಯಲ್ಲಿ ಸುಗ್ಗಿಯ ಕಾಲದಲ್ಲಿ ಎಂದೂ ಪಂದ್ಯ ಇಡಬೇಡಿ ಎಂಬುದು ಹೊಸಬರಿಗೆ ನನ್ನ ಇನ್ನೊಂದು ಮಾತು. ಪೇಟೆಯ ಮಗ್ಗುಲಿನ ಶಾಲೆಯಲ್ಲಿ ಒಮ್ಮೆ ಇಟ್ಟೆವು. ಗಾಳಿ ಬೀಸಿದಾಗಲೆಲ್ಲ ಮೆಣಸಿನಕಾಯಿ ಘಾಟು ಕೋಣೆಗೆ ನುಗ್ಗುವುದು. ಹಾವೇರಿ, ರಾಣೇಬೆನ್ನೂರಿನ ಮಕ್ಕಳು ಸೀನುತ್ತ, ಕಣ್ಣೀರು ಒರೆಸುತ್ತ ಆಡಿದರು. ಒಬ್ಬಳು ಸೀನಿದ ಹೊಡೆತಕ್ಕೆ ಮಗ್ಗುಲ ಹಲಗೆಯ ಪ್ಯಾದೆಗಳೂ ಉರುಳಿದವು. ಬ್ಯಾಡಗಿಯ ಮಕ್ಕಳು ಮಾತ್ರ ಏನೂ ಆಗದವರಂತೆ ಕುಳಿತು ಬಹುಮಾನವನ್ನೆಲ್ಲ ಬಾಚಿಕೊಂಡರು. ಗೆದ್ದದ್ದು ಮಕ್ಕಳಲ್ಲ, ಮೆಣಸಿನಕಾಯಿ ಎಂದು ನಾವು ಆಡಿಕೊಂಡೆವು.

ಇನ್ನು ಮುಖ್ಯವಾದದ್ದಕ್ಕೆ ಬರುತ್ತೇನೆ. ಒಂದು ದಿನ ಕಲ್ಲಪ್ಪನವರು ನನ್ನನ್ನು ಕರೆಸಿದರು.

"ಅಕ್ಕೋರ, ನಾಳೆ ನಮ್ಮೂರಿಂದ ಗುರುಶಾಂತಪ್ಪ ಸಾವ್ಕಾರ್ರು ಬರ್ತಾರ. ಅವರ ಆಟ ನೋಡಿ ತಪ್ಪೇನೈತಿ ಹೇಳಬೇಕಂತ. ದೊಡ್ಡವರು. ನೋಡಿ ಮಾತಾಡ್ರಿ," ಎಂದರು. ಮುಖದಲ್ಲಿ ಏನೋ ಅಳುಕು. ಹೊಗಳಿ ಕಳಿಸಿ ಎಂಬುದೇ ಇದರ ಅರ್ಥ ಎಂದು ನಾನು ತಿಳಿದೆ.

ಗುರುಶಾಂತಪ್ಪ ಸಾಹುಕಾರರ ಹೆಸರು ನಾನೂ ಕೇಳಿದ್ದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ರೈತರ ಕಾಯಿ ಮಾರಿಸಿಕೊಡುವ ದೊಡ್ಡ ಅಡತಿ ಅಂಗಡಿ ಅವರದು. ಅಣ್ಣತಮ್ಮಂದಿರ ಜಗಳ, ಹೊಲದ ಬದುವಿನ ತಕರಾರು ಏನೇ ಇದ್ದರೂ ಜನ ಅವರ ಅಂಗಡಿಯ ಕಟ್ಟೆಗೆ ಹೋಗುತ್ತಿದ್ದರಂತೆ. ಅವರು ಹೇಳಿದ್ದೇ ಕೊನೆ. ಮರುದಿನ ಬಂದರು: ಧೋತರ, ಕರಿ ಟೊಪ್ಪಿಗೆ, ಕಣ್ಣಿನ ಆಪರೇಷನ್ ಆದವರು ಹಾಕುವ ದೊಡ್ಡ ಕರಿ ಕನ್ನಡಕ. ಮನೆಯಲ್ಲಿ ಜೀಪು ಇದ್ದರೂ ಬಸ್ಸಿಗೆ ಬಂದಿದ್ದರು. ಡ್ರೈವರನಿಗೆ ಗೊತ್ತಾದರೆ ಊರಿಗೇ ಗೊತ್ತಾದಂತೆ ಎಂದರು. ಅವರ ಅಂಗಿಯಿಂದ ಎದ್ದ ಘಾಟಿಗೆ ನಾನು ಸೀನಿದೆ. ಇಂಥ ಸೀನು ದಿನಾ ಕಂಡವರಂತೆ ಅವರು ಸುಮ್ಮನೆ ಕಾದರು.

"ಅಕ್ಕೋರ, ನಮ್ಮ ಅಂಗಡಿ ಕಟ್ಟಿ ಮ್ಯಾಲ ದಿನಾ ಸಂಜಿಕೆ ಆಟ. ನಾ ಸೋತದ್ದು ನನಗ ನೆನಪಿಲ್ಲ. ಮೊನ್ನೆ ಕಣ್ಣಿನ ಸಲುವಾಗಿ ಹುಬ್ಬಳ್ಳಿ ದವಾಖಾನಿಗೆ ಹೋಗಿದ್ದೆ. ಮಗ್ಗಲ ಮಂಚದಾಗ ಒಬ್ಬ ಲಾರಿ ಡ್ರೈವರ. ಅವನ ಹತ್ರ ಸಣ್ಣದೊಂದು ಹಲಗಿ ಇತ್ತು. ಚಹಾ ಆರೂದರೊಳಗ ನನ್ನ ಮುಗಿಸಿದ. ಮತ್ತೊಮ್ಮಿ ಆಡಿದ್ವಿ. ಮತ್ತ ಮುಗಿಸಿದ. ಅವಗ ನಾ ಯಾರಂತ ಗೊತ್ತಿದ್ದಿಲ್ಲ."

ನಾನು ಹಲಗೆ ತಂದು ನಡುವೆ ಇಟ್ಟೆ.

"ನನಗ ಒಂದ ಮಾತು ಬೇಕ್ರಿ. ಇಷ್ಟು ವರ್ಷ ನಾ ಗೆದ್ದದ್ದು ಆಟ ಬಲ್ಲೆ ಅಂತನೋ, ಸಾವ್ಕಾರ ಅಂತನೋ? ಬ್ಯಾಡಗ್ಯಾಗ ಯಾರನ್ನ ಕೇಳಿದ್ರೂ ಒಂದ ಉತ್ತರ ಬರತೈತಿ. ಆಟಾನ ಸುಳ್ಳಾದ್ರ, ಜನ ನನ್ನ ನ್ಯಾಯಕ್ಕ ಹೂಂ ಅಂದದ್ದೆಲ್ಲಾ ಏನ್ರಿ ಮತ್ತ?"

ಇಂಥ ಪ್ರಶ್ನೆಯನ್ನು ಹಿಡಿದುಕೊಂಡು ನನ್ನ ಮುಂದೆ ಯಾರೂ ಬಂದಿರಲಿಲ್ಲ. ಗೆದ್ದವರು ತಪ್ಪು ಕೇಳಲು ಬರುವುದೇ ಇಲ್ಲ, ನೆನಪಿಡಿ. ಸೋತವರು ಬರುತ್ತಾರೆ, ಸೋಲಿಗೆ ನೆವ ಹುಡುಕಿಕೊಡಿ ಎಂದು. ಈ ಮನುಷ್ಯ ತನ್ನ ಗೆಲುವನ್ನು ಒರೆಗೆ ಹಚ್ಚಲು ಬಸ್ ಹತ್ತಿ ಬಂದಿದ್ದರು. ಹೊಗಳಿ ಕಳಿಸುವ ವಿಚಾರ ಅಲ್ಲಿಗೇ ಬಿಟ್ಟೆ.

"ನಡೆ ಬರೆದ ಹಾಳಿ ತಂದೀರೇನ್ರಿ?"

"ಹಾಳಿ ಯಾಕ ಬೇಕು?" ಎಂದರು.

ಹಲಗೆಯನ್ನು ಮುಂದೆ ಎಳೆದುಕೊಂಡು ಹಿಂದಿನ ವಾರದ ಒಂದು ಆಟವನ್ನು ಮೊದಲಿನಿಂದ ಕೊನೆಯವರೆಗೆ ಆಡಿ ತೋರಿಸಿದರು. ತಮ್ಮ ನಡೆ, ಎದುರಿನವನ ನಡೆ, ಒಂದೂ ತಡವರಿಸಲಿಲ್ಲ. ಬಳಿಕ ಇನ್ನೊಂದು. ನಾನು ದಂಗಾಗಿ ನೋಡುತ್ತಿದ್ದೆ. ಯಾರ ಚೀಲದ ಕಾಯಿ ಯಾವ ದರಕ್ಕೆ ಹೋಯಿತು ಎಂಬುದನ್ನು ತಲೆಯಲ್ಲೇ ಇಟ್ಟುಕೊಂಡವರು ಅವರು, ಆಟವೂ ಹಾಗೇ ಕುಳಿತಿತ್ತು. ಇಂಥ ನೆನಪು ಇರುವವರು ಚೆಸ್ಸಿನಲ್ಲಿ ಎಲ್ಲಿಗೆ ಮುಟ್ಟಬಹುದಿತ್ತು ಎಂದು ಮರುಗಿದೆ. ಯಾಕೆಂದರೆ ಆಟ ಮಾತ್ರ ಏನೂ ಇರಲಿಲ್ಲ.

ವಜೀರನನ್ನು ಆರಂಭಕ್ಕೇ ಹೊರಗೆ ತಂದು ಎದುರಿನವರ ಮನೆಯ ನಡುವೆ ನಿಲ್ಲಿಸುವುದು ಅವರ ಪದ್ಧತಿ. ಯಾವ ಕುದುರೆಯಾದರೂ, ಯಾವ ಪ್ಯಾದೆಯಾದರೂ ಅವನನ್ನು ಹೊಡೆಯಬಹುದು. ಹೊಡೆಯುತ್ತಿರಲಿಲ್ಲ. ಮೊದಲ ಆಟದಲ್ಲಿ ಎದುರು ಕುಳಿತವನು ಅವರ ಅಂಗಡಿಯ ಗುಮಾಸ್ತ. ವಜೀರನನ್ನು ಬಿಟ್ಟು ಎಲ್ಲೋ ಮೂಲೆಯ ಪ್ಯಾದೆಯನ್ನು ಸರಿಸಿದ್ದ. ಎರಡನೆಯದರಲ್ಲಿ ಅವರ ಅಳಿಯ. "ಮಾವಾರ, ವಜೀರ," ಎಂದು ಎಚ್ಚರಿಸಿ, ಅವರು ವಜೀರನನ್ನು ಹಿಂದೆ ಕರೆದುಕೊಳ್ಳುವವರೆಗೆ ಕಾದಿದ್ದ. ನಾಡ ಆಟದ ಮರ್ಯಾದೆ ಬೆಳೆದು ಬೆಳೆದು ಮುಲಾಜಾಗಿತ್ತು.

ಮೂರನೆಯ ಆಟ ಆಡಿ ತೋರಿಸತೊಡಗಿದಾಗ ನಾನು ಕುರ್ಚಿಯ ತುದಿಗೆ ಬಂದೆ.

ಇಲ್ಲಿಯೂ ಎದುರಿನವನು ವಜೀರನನ್ನು ಹೊಡೆಯಲಿಲ್ಲ. ಆದರೆ ಹೊಡೆಯದಿರುವುದಕ್ಕೆ ಪ್ರತಿಸಲ ಒಂದು ಚಂದದ ಕಾರಣ ಹುಡುಕಿದ್ದ. ಕುದುರೆಯನ್ನು ಹಿಂದೆ ಸರಿಸಿದರೆ ಅದು ಹೆದರಿ ಸರಿದಂತೆ ಕಾಣುವುದು. ಒಂಟೆಯನ್ನು ಅಡ್ಡ ತಂದರೆ ರಾಜನನ್ನು ಕಾಯಲು ತಂದಂತೆ ಕಾಣುವುದು. ಕೊನೆಗೆ ತನ್ನ ರಾಜನನ್ನು ಹೆಜ್ಜೆಹೆಜ್ಜೆಯಾಗಿ ನಡೆಸಿಕೊಂಡು ಹೋಗಿ, ಸಾಹುಕಾರರಿಗೆ ಕಾಣಬಲ್ಲಂಥ ಒಂದೇ ಒಂದು ಶಹಮಾತ್ ಎಲ್ಲಿದೆಯೋ ಅಲ್ಲಿ ನಿಲ್ಲಿಸಿದ್ದ. ಅವರು ಅದನ್ನು ಕಂಡುಹಿಡಿದು ಗೆದ್ದಿದ್ದರು. ಹೀಗೆ ಸೋಲಬೇಕಾದರೆ ಎರಡೂ ಕಡೆಯ ಆಟವನ್ನು ಒಬ್ಬನೇ ಆಡಬೇಕು, ಎದುರಿನವರ ಕಣ್ಣು ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದೂ ಗೊತ್ತಿರಬೇಕು. ಜಿಲ್ಲೆಯಲ್ಲಿ ಅಂಥವರು ಇರುವುದು ನನಗೆ ಗೊತ್ತಿರಲಿಲ್ಲ.

"ಸಾವ್ಕಾರ್ರ, ತಪ್ಪು ತಿಳೀಬ್ಯಾಡ್ರಿ. ಈ ಮೂರೂ ಆಟ ನೀವು ಸೋತೀರಿ."

ಕನ್ನಡಕದ ಹಿಂದೆ ಕಣ್ಣು ಏನು ಮಾಡಿದವೋ ಕಾಣಲಿಲ್ಲ. ಕೈ ಮಾತ್ರ ಹಲಗೆಯ ಅಂಚು ಹಿಡಿದುಕೊಂಡಿತು. "ಅಂದ್ರ ನಾ ಆಟ ಬಲ್ಲೆನೋ ಇಲ್ಲೋ?"

"ನಡಿಸೋದು ಬಲ್ರಿ. ಆಟ ಇನ್ನ ಕಲೀಬೇಕ್ರಿ."

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಅವರು ಎದ್ದು ಹೋದರೆ ತಡೆಯುವ ಮಾತೂ ನನ್ನಲ್ಲಿರಲಿಲ್ಲ. ಆದರೆ ಅವರು ಏಳಲಿಲ್ಲ. ಹಲಗೆಯ ಅಂಚು ಬಿಟ್ಟು, "ಲಾರಿ ಡ್ರೈವರನ ಆಟಾನ ಖರೇ ಹಂಗಾದ್ರ," ಎಂದರು.

"ಆದ್ರ ಈ ಮೂರನೇದಾಗ ನಿಮ್ಮ ಎದುರು ಸೋತವರು ಯಾರ್ರಿ? ಅಂಥಾ ಆಟಗಾರನ್ನ ನಾ ನೋಡೇ ಇಲ್ಲ."

"ನಿಮ್ಮ ಹೆಡ್ ಮಾಸ್ತರ. ಕಲ್ಲಪ್ಪ."

ಗಂಧಗಾಳಿ ಇಲ್ಲವೆಂದು ನಾನು ನಕ್ಕ ಮನುಷ್ಯ! ಸಾಹುಕಾರರೇ ಜವಾನನನ್ನು ಕಳಿಸಿ ಅವರನ್ನು ಕರೆಸಿದರು. ಕಲ್ಲಪ್ಪನವರು ಬಂದು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. "ಹೇಳಿದ್ರೇನ್ರಿ?" ಎಂದರು. "ಹೇಳಿದೆ ಸರ್," ಎಂದೆ. ಅವರು ಉಸಿರು ಬಿಟ್ಟರು.

"ನನಗ ಹೇಳಾಕ ಬಾಯಿ ಬರಲಿಲ್ಲ. ಅದಕ್ಕ ನಿಮ್ಮ ಕಡೆ ಕಳಿಸಿದೆ," ಎಂದರು.

ಅವರನ್ನು ಎಷ್ಟು ತಪ್ಪಾಗಿ ಓದಿದ್ದೆ ಎಂಬುದು ಆಗ ತಿಳಿಯಿತು. ಸಾಹುಕಾರರು ತುಂಡುಗಳನ್ನು ಜೋಡಿಸುತ್ತ, "ಕುಂದ್ರು ಕಲ್ಲಪ್ಪ. ಆಡೂಣು," ಎಂದರು.

"ಸಾವ್ಕಾರ್ರ, ನಿಮ್ಮ ಅಟ್ಟದ ಮ್ಯಾಲ ಇದ್ದು ಸಾಲಿ ಕಲಿತಾವ ನಾನು. ನಿಮ್ಮ ಮನಿ ರೊಟ್ಟಿ ತಿಂದ ಕೈ ಇದು. ನಿಮ್ಮ ವಜೀರನ ಮ್ಯಾಲ ಹೆಂಗ ಏಳಬೇಕ್ರಿ?"

"ರೊಟ್ಟಿ ಹಾಕಿದಾಕಿ ನಮ್ಮ ಮನ್ಯಾಕಿ. ಆಟಕ್ಕ ಕುಂತಾವ ನಾನು. ಎರಡೂ ಕೂಡಸಬ್ಯಾಡ. ಕುಂದ್ರು."

ಕುಳಿತರು. ಸಾಹುಕಾರರು ಎಂದಿನಂತೆ ವಜೀರನನ್ನು ಹೊರಗೆ ತಂದರು. ಕಲ್ಲಪ್ಪನವರ ಕೈ ಕುದುರೆಯ ಮೇಲೆ ಹೋಗಿ ನಿಂತಿತು. ಕೊನೆಗೆ ಕುದುರೆ ಜಿಗಿಯಿತು. ವಜೀರನನ್ನು ಎರಡು ಬೆರಳಲ್ಲಿ ಎತ್ತಿ, ಸದ್ದಾಗದಂತೆ ಹಲಗೆಯ ಪಕ್ಕಕ್ಕೆ ಇಟ್ಟರು. ಸಾಹುಕಾರರು ಖಾಲಿಯಾದ ಆ ಮನೆಯನ್ನೇ ನೋಡುತ್ತ ಕುಳಿತರು. ಅಲ್ಲಿಂದ ಮುಂದೆ ಆಟ ಬೇಗ ಮುಗಿಯಿತು. ಒಮ್ಮೆ ಬಿಟ್ಟ ಮೇಲೆ ಕಲ್ಲಪ್ಪನವರ ಕೈ ಎಷ್ಟು ಸಲೀಸಾಗಿ ಹರಿಯಿತು ಎಂದರೆ, ಎಷ್ಟೋ ವರ್ಷ ಕಟ್ಟಿ ಹಾಕಿದ್ದ ಎತ್ತನ್ನು ಬಿಚ್ಚಿಬಿಟ್ಟ ಹಾಗಿತ್ತು. ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಅವರನ್ನು ಸೋಲಿಸುವವರೇ ಇರಲಿಲ್ಲವಂತೆ. ಊರಿಗೆ ಬಂದ ಮೇಲೆ ಕಟ್ಟೆಯ ಮೇಲೆ ಕುಳಿತು ಸೋಲುವುದೇ ರೂಢಿಯಾಗಿ, ಶಾಲೆಯಲ್ಲಿ ಮಕ್ಕಳ ಆಟ ನೋಡಲು ನಿಂತರೆ ಹೊಟ್ಟೆ ಉರಿದು ಬರುತ್ತಿತ್ತಂತೆ. ಇದನ್ನೆಲ್ಲ ಅವರು ಹೇಳಿದ್ದು ಆಮೇಲೆ.

ಸಾಹುಕಾರರು ನನ್ನ ಕಡೆ ತಿರುಗಿದರು. "ಅಕ್ಕೋರ, ಎಲ್ಲಿ ತಪ್ಪಿದೆ?"

ನಾನು ನನ್ನ ಪ್ರಶ್ನೆಯನ್ನೇ ಕೇಳಿದೆ. "ಎಲ್ಲಿ ಅಂಜಿದ್ರಿ?"

"ಎಲ್ಲೂ ಅಂಜಲಿಲ್ಲ."

"ಅದ ತಪ್ಪು ನೋಡ್ರಿ. ಅಂಜೋ ಜಾಗಾ ಇತ್ತು, ನಿಮಗ ಕಾಣಲಿಲ್ಲ. ಇಷ್ಟು ವರ್ಷ ಯಾರೂ ಅಂಜಿಸೇ ಇಲ್ಲ ನಿಮ್ಮನ್ನ."

ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಹಾಕಿಕೊಂಡರು. "ಮುಂದಿನ ವಾರ ಬರ್ತೇನಿ," ಎಂದು ಎದ್ದರು.

ಬಂದರು. ಪ್ರತಿವಾರ ಬಂದರು. ಆ ವಯಸ್ಸಿನಲ್ಲಿ, ಆ ಊರಲ್ಲಿ ಆ ಹೆಸರು ಇಟ್ಟುಕೊಂಡು, ಮುರಿದ ಬೆಂಚಿನ ಕೋಣೆಯಲ್ಲಿ ಕುಳಿತು ಪ್ಯಾದೆಯನ್ನು ಎರಡು ಮನೆ ನಡೆಸುವುದರಿಂದ ಕಲಿತರು. ಮೊದಮೊದಲು ಎರಡೂ ಕಡೆ ವಜೀರನನ್ನೇ ತೆಗೆದಿಟ್ಟು ಆಡಿಸಿದೆ. "ಮದುಮಗ ಇಲ್ಲದ ಮದುವಿ," ಎಂದು ಗೊಣಗಿದರು. ಕೆಲವು ವಾರಗಳಲ್ಲಿ ಪ್ಯಾದೆಗಳ ಬೆಲೆ ತಿಳಿಯಿತು. "ಹಮಾಲರಿಲ್ಲದ ಪ್ಯಾಟಿ ನಡೀತೈತೇನು, ಇಷ್ಟು ದಿನ ನಾ ಇವರನ್ನ ನೋಡೇ ಇಲ್ಲ," ಎಂದು ತಾವೇ ಹೇಳಿದರು. ರೇಣುಕಾಳ ಜೊತೆ ಆಡಿ ಸೋತರು. ಅವಳು ಅವರ ವಜೀರನನ್ನು ಟಪ್ಪನೆ ಹೊಡೆದು, "ಅಜ್ಜಾರ, ನೋಡಿ ನಡಸಬಾರದೇನ್ರಿ?" ಎಂದಾಗ ಕೋಣೆಯೆಲ್ಲ ಕೇಳುವಂತೆ ನಕ್ಕರು.

ಊರಿನ ಕಟ್ಟೆಯ ಮೇಲೆ ಮಾತ್ರ ಏನೂ ಬದಲಾಗಲಿಲ್ಲ. ಇನ್ನು ಮೇಲೆ ಯಾರೂ ಮುಲಾಜು ನೋಡಬೇಡಿ ಎಂದು ಎಲ್ಲರಿಗೂ ಹೇಳಿ ನೋಡಿದರು. ಗುಮಾಸ್ತ ಒಂದು ಸಲ ಧೈರ್ಯ ಮಾಡಿ ವಜೀರನನ್ನು ಹೊಡೆದನಂತೆ. ಹೊಡೆದವನೇ ಎದ್ದು ಕಾಲು ಮುಟ್ಟಿ ನಮಸ್ಕಾರ ಮಾಡಿ, ಮುಂದಿನ ನಡೆಗೆ ತನ್ನ ಆನೆಯನ್ನೂ ಅದರ ಮುಂದಿನ ನಡೆಗೆ ತನ್ನ ವಜೀರನನ್ನೂ ಕೊಟ್ಟುಬಿಟ್ಟನಂತೆ.

"ಬ್ಯಾಡಗ್ಯಾಗ ನನಗ ಸೋಲಾಕ ಆಗವಲ್ದು ಅಕ್ಕೋರ," ಎಂದು ಸಾಹುಕಾರರು ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆ ಹೊತ್ತಿಗೆ ಶಾಲೆಗೆ ಕಂಪ್ಯೂಟರು ಬಂದಿತ್ತು. ಆ ಕೋಣೆಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕು, ಧೂಳು ಬಿದ್ದರೆ ಅದು ಕೆಡುತ್ತದೆ ಎಂಬ ಹೆದರಿಕೆ. ಅದರಲ್ಲಿ ಚೆಸ್ ಆಡುವ ಒಂದು ಸಾಫ್ಟ್‌ವೇರ್ ಹಾಕಿಸಿದ್ದೆವು. ಆಡಿದ ಆಟವನ್ನು ಅದಕ್ಕೆ ಒಪ್ಪಿಸಿದರೆ ಎಲ್ಲಿ ತಪ್ಪಿತು, ಏನು ನಡೆಸಬೇಕಿತ್ತು ಎಂದು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಿತ್ತು. ನಾನು ಒಂದು ವಾರ ತಲೆ ಕೆಡಿಸಿಕೊಂಡದ್ದನ್ನು ಅದು ಒಂದು ಗಳಿಗೆಯಲ್ಲಿ ಬಿಡಿಸುವುದನ್ನು ನೋಡಿ ಬಾಯಿ ತೆರೆದು ಕುಳಿತಿದ್ದೇನೆ. ಎಲ್ಲಿ ಅಂಜಿದಿ ಎಂದು ಮಾತ್ರ ಅದು ಕೇಳುವುದಿಲ್ಲ. ಈಗಿನ ಮಕ್ಕಳ ಕೈಯಲ್ಲೇ ಅಂಥದ್ದು ಇದೆ. ಆದ್ದರಿಂದ ಆ ಪ್ರಶ್ನೆಯಾದರೂ ನಿಮಗಿರಲಿ ಎಂದು ಹೊಸಬರಿಗೆ ಹೇಳುತ್ತೇನೆ.

ಮಳೆಗಾಲದ ಒಂದು ಶನಿವಾರ. ಶಾಲೆ ಬಿಟ್ಟಿತ್ತು. ಸಾಹುಕಾರರೂ ಕಲ್ಲಪ್ಪನವರೂ ಆಡಲು ಕುಳಿತರು. ಸಾಹುಕಾರರು ವಜೀರನನ್ನು ಹೊರಗೆ ತರಲಿಲ್ಲ. ನಡುವೆ ಒಂದು ಕಡೆ ತಾವಾಗಿಯೇ ವಜೀರನಿಗೆ ವಜೀರನನ್ನು ಕೊಟ್ಟು ತೆಗೆದುಕೊಂಡರು. ನಾನು ಹುಬ್ಬೇರಿಸಿದೆ. ತುಂಡುಗಳು ಒಂದೊಂದಾಗಿ ಕಡಿಮೆಯಾಗುತ್ತ ಬಂದು, ಕೊನೆಗೆ ರಾಜರಿಬ್ಬರು ಮತ್ತು ಕೆಲವು ಪ್ಯಾದೆ ಉಳಿದವು. ಸಾಹುಕಾರರ ಒಂದು ಪ್ಯಾದೆ ಅಂಚಿನಲ್ಲಿ ಒಂಟಿಯಾಗಿ ನಿಂತಿತ್ತು. ಕಲ್ಲಪ್ಪನವರು ರಾಜನನ್ನು ಈಚೆಯ ಪ್ಯಾದೆಗಳ ಕಡೆಗೆ ಒಂದು ಮನೆ ಸರಿಸಿದರು. ಸಾಹುಕಾರರು ಬಗ್ಗಿ, ಬೆರಳಿನಿಂದ ಗಾಳಿಯಲ್ಲಿ ಮನೆಗಳನ್ನು ಎಣಿಸಿ, ಅಂಚಿನ ಪ್ಯಾದೆಯನ್ನು ಮುಂದೆ ಇಟ್ಟರು. ಇನ್ನೊಮ್ಮೆ ಇಟ್ಟರು. ಕಲ್ಲಪ್ಪನವರ ರಾಜ ಹಿಂದೆ ಓಡಿದ. ಮುಟ್ಟಲಿಲ್ಲ.

ಪ್ಯಾದೆ ಕೊನೆಯ ಮನೆ ತಲುಪಿ ವಜೀರನಾದಾಗ ಕಲ್ಲಪ್ಪನವರ ಕಿವಿ ಕೆಂಪಗಾಗಿತ್ತು. ಇನ್ನು ಕೆಲವು ನಡೆ ಆಡಿ ರಾಜನನ್ನು ಮಲಗಿಸಿದರು.

ಗೆದ್ದವರ ಮುಖದಲ್ಲಿ ನಗುವಿರಲಿಲ್ಲ. ಅವರು ಕಲ್ಲಪ್ಪನವರನ್ನೇ ನೋಡುತ್ತಿದ್ದರು. ಸಾಹುಕಾರರ ಭಯ ನನಗೆ ಅರ್ಥವಾಯಿತು. ಇಷ್ಟೆಲ್ಲ ಆದ ಮೇಲೂ ಗೆಲುವು ಖರೆಯೋ ಸುಳ್ಳೋ ಎಂದು ಹೇಳುವವರು ಯಾರು?

"ಕಲ್ಲಪ್ಪ, ಬಿಟ್ಟುಕೊಟ್ಟೇನು?"

"ಬಿಟ್ಟುಕೊಟ್ಟಿದ್ರ ಹಿಂಗ ಸಿಟ್ಟು ಬರತಿತ್ತೇನ್ರಿ ನನಗ!" ಕಲ್ಲಪ್ಪನವರ ದನಿ ಏರಿತು. ಸಾಹುಕಾರರ ಮುಂದೆ ಅವರು ಹಾಗೆ ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ. "ಆ ಪ್ಯಾದಿ ನಾ ನೋಡೇ ಇಲ್ಲ. ಗಣಿತದ ಮಾಸ್ತರ ಆಗಿ ಮನಿ ಎಣಿಸೋದು ತಪ್ಪಿದೆ. ಜೋಡಸ್ರಿ, ಇನ್ನೊಂದು ಆಟ ಆಡೂಣು, ಈಗಿಂದೀಗ!"

"ತಡಿ," ಎಂದರು ಸಾಹುಕಾರರು. "ಅಕ್ಕೋರ, ಇದನ್ನ ಆ ಯಂತ್ರಕ್ಕ ಹಾಕ್ರಿ. ಅದಕ್ಕ ನನ್ನ ಪರಿಚಯ ಇಲ್ಲ."

ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬಂದು ಅವರು ಆ ಪರದೆಗೆ ಕೈ ಮುಗಿದರು. ನಡೆಗಳನ್ನು ಅವರೇ ನೆನಪಿನಿಂದ ಹೇಳುತ್ತ ಹೋದರು, ನಾನು ಒಪ್ಪಿಸುತ್ತ ಹೋದೆ. ಯಂತ್ರ ಯೋಚಿಸಿತು. ಕಲ್ಲಪ್ಪನವರು ಉಳಿದೆಲ್ಲ ಕಡೆ ಸರಿಯಾಗಿಯೇ ಆಡಿದ್ದರು. ರಾಜನನ್ನು ಈಚೆಗೆ ಸರಿಸಿದ ಆ ಒಂದು ನಡೆಯಲ್ಲಿ ಎಡವಿದ್ದರು. ಅಲ್ಲಿ ಗೆಲ್ಲುವ ದಾರಿ ಒಂದೇ ಇತ್ತು, ಸಾಹುಕಾರರು ಅದನ್ನೇ ಹಿಡಿದಿದ್ದರು. ನಾನು ಪಕ್ಕದಲ್ಲೇ ಕುಳಿತು ನೋಡುತ್ತಿದ್ದವಳು, ನನಗೆ ಕಂಡಿರಲಿಲ್ಲ.

"ಸಾವ್ಕಾರ್ರ, ಯಾರೂ ಏನೂ ಬಿಟ್ಟುಕೊಟ್ಟಿಲ್ಲ. ಈ ಆಟ ನಿಮ್ಮದು," ಎಂದೆ.

ಅವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, "ಈಗ ನನ್ನ ತಪ್ಪು ತೋರಸಂತ ಹೇಳ್ರಿ ಅದಕ್ಕ," ಎಂದರು.

"ಗೆದ್ದೀರಲ್ರಿ!"

"ಗೆದ್ದದ್ದು ಗೊತ್ತಾತಲ್ಲ. ತಪ್ಪು ತೋರಸ್ರಿ."

ಯಂತ್ರ ತೋರಿಸಿತು. ಆರಂಭದಲ್ಲಿ ಒಂದು, ಕುದುರೆಯದೊಂದು, ಆನೆಯನ್ನು ತಡವಾಗಿ ತಂದದ್ದು, ಬಿಟ್ಟುಬಿಟ್ಟ ಒಂದು ಪುಕ್ಕಟೆ ಪ್ಯಾದೆ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಪ್ರತಿಯೊಂದಕ್ಕೂ ಸಾಹುಕಾರರು ತೊಡೆ ತಟ್ಟಿಕೊಂಡು, "ನೋಡ್ ನೋಡ್, ಇದೂ ಐತಿ!" ಎಂದು ನಗುತ್ತಿದ್ದರು. ನಗುನಗುತ್ತಲೇ ಕನ್ನಡಕ ತೆಗೆದರು. ಕಣ್ಣು ತುಂಬಿದ್ದವು.

"ಅಕ್ಕೋರ," ಎಂದರು, "ನಮ್ಮವ್ವ ತೀರಿಕೊಂಡಮ್ಯಾಲ ನನಗ ಇಷ್ಟು ತಪ್ಪು ಯಾರೂ ತೋರಿಸಿರಲಿಲ್ಲ."